ಅಪ್ಪನ ಪಿಸ್ತೂಲಿಗೆ ಕತ್ತಲಲ್ಲಿ ಹೊಳೆಯುವ ಸೈಟ್: ಮನೆಯಲ್ಲೇ ಕೂರಿಸಬಹುದಾ?

ಗಂಜಿನ ಬೇಳೆ, ಕಲಬುರಗಿ:

ಶರಣ್ರಿ ಎಲ್ಲರಿಗೂ. ಮೊದಲೇ ಹೇಳಿಬಿಡುತ್ತೇನೆ, ಸೈಟ್ ಅಂದರೆ ಪ್ಲಾಟ್ ಅಲ್ಲ. ಪಿಸ್ತೂಲಿನ ಮೇಲೆ ಗುರಿ ಹಿಡಿಯೋಕೆ ಇರುತ್ತದಲ್ಲ, ಮುಂದಿನ ಮೊನೆ, ಹಿಂದಿನ ಕಚ್ಚು, ಅದು.

ನೆಹರೂ ಗಂಜ್‌ನಲ್ಲಿ ನಮ್ಮದು ಸಣ್ಣ ದಾಲ್‌ಮಿಲ್. ಹೊಲ ಚಿತ್ತಾಪುರ ಕಡೆ, ಕಾಗಿಣಾ ದಂಡೆಯಿಂದ ಸ್ವಲ್ಪ ಒಳಗೆ. ಅಪ್ಪನ ಹತ್ತಿರ ಮೊದಲಿಂದ ಒಂದು .32 ಪಿಸ್ತೂಲು ಇತ್ತು. ಅವರಿಗೆ 70 ತುಂಬಿದ ಮೇಲೆ ವಾರಸುದಾರ ಅಂತ ಅರ್ಜಿ ಹಾಕಿ ನನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡೆ. ಅದಕ್ಕೆ ಎಷ್ಟು ತಿರುಗಾಡಿದೆ ಅನ್ನೋದು ಬೇರೆಯೇ ಕಥೆ. ಸ್ಲೈಡ್ ಮೇಲೆ, ಅಂದರೆ ಹಿಂದೆ ಮುಂದೆ ಸರಿಯುವ ಮೇಲಿನ ಭಾಗದ ಮೇಲೆ, ವಾಲ್ಥರ್ ಅಂತ ಇದೆ, ಮಾಡೆಲ್ ಪಿಪಿ, ಪಕ್ಕದಲ್ಲಿ 7.65, ಅದು .32 ಅನ್ನೋದರದೇ ಮಿಲಿಮೀಟರ್ ಲೆಕ್ಕ.

ಈಗ ವಿಷಯ. ಹೋದ ಜನವರಿಯಲ್ಲಿ ತೊಗರಿ ರಾಶಿ ಮುಗಿದಿತ್ತು. ಚೀಲ ಇನ್ನೂ ಸಾಗಿಸಿರಲಿಲ್ಲ, ಅದಕ್ಕೇ ನಾನು ಹೊಲದ ಮನೆಯಲ್ಲೇ ಮಲಗಿದ್ದೆ. ರಾತ್ರಿ ಎರಡರ ಹೊತ್ತಿಗೆ ಕರೆಂಟ್ ಹೋಯಿತು. ಕಣದ ಕಡೆ ಏನೋ ಸದ್ದು. ಪಿಸ್ತೂಲು ಹಿಡಿದು ಫರಸಿ ಕಟ್ಟೆ ಮೇಲೆ ಬಂದು ನಿಂತೆ. ಮುಂದಿನ ಮೊನೆ ಎಲ್ಲಿದೆ ಅಂತಲೇ ಕಾಣಲಿಲ್ಲ ನೋಡ್ರಿ. ಕರಿ ಪಿಸ್ತೂಲು, ಕರಿ ಕತ್ತಲು. ಪುಣ್ಯಕ್ಕೆ ಕಳ್ಳ ಅಲ್ಲ, ನಮ್ಮ ಆಳೇ ಮೋಟಾರ್ ನೋಡೋಕೆ ಬಂದಿದ್ದ. ಆದರೆ ಅವತ್ತಿಂದ ತಲೆಯಲ್ಲಿ ಇದೇ ಕೂತಿದೆ. ನನಗೆ ನಲವತ್ತೇಳು, ಹೋದ ವರ್ಷ ಚಾಳೀಸು ಬಂದಿದೆ.

ಕಾಕಾನ ಮಗ ಡಲ್ಲಾಸ್‌ನಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ. ಅಲ್ಲಿ ಕತ್ತಲಲ್ಲಿ ತಾನೇ ಹೊಳೆಯುವ ಟ್ರಿಟಿಯಂ ಸೈಟ್ ಸಿಗುತ್ತದಂತೆ, ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತೇನೆ ಅಂತಾನೆ. ವಿಡಿಯೋದಲ್ಲಿ ನೋಡಿದರೆ ಹತ್ತು ನಿಮಿಷದ ಕೆಲಸ. ಹಿತ್ತಾಳೆ ಕಡ್ಡಿ ಇಟ್ಟು ಎರಡು ಪೆಟ್ಟು, ಹಳೆಯದು ಹೊರಗೆ, ಹೊಸದು ಒಳಗೆ. ಕಪನೂರಿನಲ್ಲಿ ಪರಿಚಯದ ಲೇತ್‌ನವನಿದ್ದಾನೆ, ನಾನೇ ಕೂರಿಸಿಕೊಡುತ್ತೇನೆ ತಗೊಂಬಾ ಅಂದಿದ್ದಾನೆ. ಯಾರಾದರೂ ಮಾಡಿದ್ದೀರಾ? ಏನು ನೋಡಿಕೊಳ್ಳಬೇಕು?

ಸೂಪರ್‌ಮಾರ್ಕೆಟ್ ಸ್ಟಿಕ್ಕರ್:

ಅಣ್ಣಾ, ಇಷ್ಟಕ್ಕೆಲ್ಲ ಡಲ್ಲಾಸ್ ಯಾಕೆ? ನಂಬರ್ ಪ್ಲೇಟಿಗೆ ಹಚ್ಚುವ ರೇಡಿಯಂ ಸಣ್ಣದಾಗಿ ಕತ್ತರಿಸಿ ಅಂಟಿಸಿ. ಇಪ್ಪತ್ತು ರೂಪಾಯಿ.

ಭೀಮಾ ದಂಡೆ, ಯಾದಗಿರಿ:

ನಾನು ವಿಡಿಯೋ ನೋಡಿ ಹಿಂದಿನ ಸೈಟ್ ಬಡಿದೆ. ನನ್ನದೂ ಹಳೇ .32, ಬೇರೆ ಕಂಪನಿದು. ಹತ್ತು ನಿಮಿಷದಲ್ಲಿ ಹೊರಗೆ ಬಂತು, ಅದು ನಿಜ. ವಾಪಸ್ ಹಾಕುವಾಗ ಮೊದಲು ಎಲ್ಲಿತ್ತು ಅನ್ನೋದು ನೆನಪಿಲ್ಲ. ಈಗ ಎಲ್ಲಾ ಗುಂಡು ಎಡಕ್ಕೆ ಹೋಗುತ್ತವೆ. ಇಷ್ಟೇ ನನ್ನ ಅನುಭವ.

ಬೀದರ್ ಫೌಜಿ:

ಬೇಳೆ ಸಾಹೇಬ್ರೆ, ನಾನು ಇಪ್ಪತ್ತೆರಡು ವರ್ಷ ಸೇನೆಯ ರಿಪೇರಿ ವಿಭಾಗ ಇಎಂಇಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನಾಗಿದ್ದೆ. ರಿಟೈರ್ ಆಗಿ ಈಗ ಬೀದರಿನಲ್ಲಿ ಮಗನ ಪಂಪ್‌ಸೆಟ್ ಅಂಗಡಿಯಲ್ಲಿ ಕೂರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಚಾ ಇಟ್ಟುಕೊಂಡು ಓದಿ.

ನಿಮ್ಮ ಪಿಸ್ತೂಲಿನ ಮುಂದಿನ ಸೈಟ್ ಹೊರಗೆ ಬರುವುದೇ ಇಲ್ಲ. ಫೌಜಿನಲ್ಲಿ ನಾವು ಫೋರ್‌ಸೈಟ್, ಬ್ಯಾಕ್‌ಸೈಟ್ ಅಂತೀವಿ. ಪಿಪಿಯಲ್ಲಿ ಬ್ಯಾಕ್‌ಸೈಟ್ ಮಾತ್ರ ಅಡ್ಡ ಕೊರೆದ ತೋಡಿನಲ್ಲಿ ಕೂತಿರುತ್ತದೆ. ಪಾರಿವಾಳದ ಬಾಲದ ಹಾಗೆ ಕೆಳಗೆ ಅಗಲ, ಮೇಲೆ ಸಣ್ಣ, ಡವ್‌ಟೇಲ್ ಅನ್ನುವುದು ಅದಕ್ಕೇ. ಬಡಗಿಗಳು ಡ್ರಾಯರ್ ಮೂಲೆ ಜೋಡಿಸುವುದೂ ಹೀಗೇ. ಫೋರ್‌ಸೈಟ್ ಹಾಗಲ್ಲ. ಸ್ಲೈಡ್ ಕಡೆಯುವಾಗಲೇ ಅದೇ ಕಬ್ಬಿಣದಲ್ಲಿ ಅದನ್ನೂ ಎಬ್ಬಿಸಿದ್ದಾರೆ. ಬೇಕಾದಷ್ಟು ಬಡಿಯಿರಿ, ಅಲ್ಲಾಡುವುದಿಲ್ಲ. ನೀವು ನೋಡಿದ ವಿಡಿಯೋ ಗ್ಲಾಕ್‌ನದು ಇರಬೇಕು. ಅದರ ಫೋರ್‌ಸೈಟಿಗೆ ಸ್ಲೈಡ್ ಒಳಗಿಂದ ಸಣ್ಣ ಸ್ಕ್ರೂ ಇರುತ್ತದೆ, ಬಿಚ್ಚಿ ಬೇರೆ ಹಾಕಬಹುದು. ನಿಮ್ಮದರಲ್ಲಿ ಟ್ರಿಟಿಯಂ ಕೂರಿಸಬೇಕೆಂದರೆ ಮೊನೆಯನ್ನು ಕತ್ತರಿಸಿ, ಮಿಲ್ಲಿಂಗ್ ಮಷೀನಿನಲ್ಲಿ ಹೊಸ ತೋಡು ಕಡೆಯಬೇಕು. ಒಮ್ಮೆ ಕಡೆದರೆ ಅಷ್ಟೇ, ಅಪ್ಪನ ಪಿಸ್ತೂಲು ಮತ್ತೆ ಮೊದಲಿನಂತೆ ಆಗಲ್ಲ. ಲೇತ್‌ನವನಿಗೆ ಪಾಪ ಅದು ಬರೀ ಒಂದು ಕಬ್ಬಿಣ.

ಇನ್ನು ಬ್ಯಾಕ್‌ಸೈಟ್. ಟ್ರೇನಿಂಗ್‌ನಲ್ಲಿದ್ದಾಗ 9 ಎಂಎಂ 1ಎ ಪಿಸ್ತೂಲಿನ ಬ್ಯಾಕ್‌ಸೈಟನ್ನು ನಾನು ಸ್ಟೀಲ್ ಪಂಚ್ ಇಟ್ಟು ಬಡಿದೆ. ಸೈಟಿನ ಪಕ್ಕೆಗೆ ಬೆಳ್ಳಗೆ ಗಾಯ ಆಯಿತು. ಉಸ್ತಾದ್ ಬೈಯಲಿಲ್ಲ. ಒಂದು ವಾರ ನನ್ನ ಊಟದ ತಟ್ಟೆಯ ಪಕ್ಕದಲ್ಲಿ ಆ ಸೈಟನ್ನು ಇಟ್ಟುಬಿಡುತ್ತಿದ್ದರು. ಹಿತ್ತಾಳೆ ಯಾಕೆ ಅಂದರೆ ಅದು ಉಕ್ಕಿಗಿಂತ ಮೆತ್ತಗೆ, ಪೆಟ್ಟನ್ನು ತಾನೇ ತಿನ್ನುತ್ತದೆ. ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆಯಬೇಕು. ಸ್ಲೈಡ್ ಹಿಂದಕ್ಕೆ ಎಳೆದು ಗುಂಡು ಕೂರುವ ಚೇಂಬರ್ ಒಳಗೆ ಕಣ್ಣಿಂದಲೂ ಬೆರಳಿಂದಲೂ ನೋಡಬೇಕು. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಆಮೇಲೆ ಸ್ಲೈಡ್ ಬಿಚ್ಚಿ ಬೇರೆ ಮಾಡಿ, ಚರ್ಮ ಸುತ್ತಿದ ವೈಸ್‌ನಲ್ಲಿ ಸ್ಲೈಡನ್ನು ಮಾತ್ರ ಹಿಡಿಯಬೇಕು. ಪೂರ್ತಿ ಪಿಸ್ತೂಲನ್ನು ಹಾಗೇ ಇಟ್ಟು ಬಡಿಯುವವರನ್ನು ನೋಡಿದ್ದೇನೆ, ಮೈ ಜುಂ ಅನ್ನುತ್ತದೆ. ಪೆಟ್ಟು ಸೈಟಿನ ಬುಡಕ್ಕೆ ಬೀಳಬೇಕು, ತಲೆಗೆ ಅಲ್ಲ. ರೂಢಿಯಲ್ಲಿ ಹಿಂದಿನಿಂದ ನೋಡಿದಾಗ ಎಡದಿಂದ ಬಲಕ್ಕೆ ಹೊರಗೆ, ಬಲದಿಂದ ಎಡಕ್ಕೆ ಒಳಗೆ.

ಯಾದಗಿರಿ ತಮ್ಮಾ, ಬಡಿಯುವ ಮೊದಲು ಸೈಟ್ ಮೇಲಿಂದ ಸ್ಲೈಡ್ ಮೇಲಕ್ಕೆ ಸೂಜಿಯಿಂದಲೋ ಪೆನ್ಸಿಲಿನಿಂದಲೋ ಒಂದು ಸಣ್ಣ ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಗುಂಡು ಎಡಕ್ಕೆ ಹೋಗುತ್ತಿದ್ದರೆ ಬ್ಯಾಕ್‌ಸೈಟನ್ನು ಬಲಕ್ಕೆ ಸರಿಸಬೇಕು. ಗುಂಡು ಯಾವ ಕಡೆ ಹೋಗಬೇಕೋ ಬ್ಯಾಕ್‌ಸೈಟೂ ಆ ಕಡೆಗೇ. ಎಷ್ಟು ಅಂತ ಕೇಳಬೇಡ, ಕೂದಲೆಳೆ. ಎರಡು ಸೈಟ್ ನಡುವೆ ಹದಿಮೂರು ಸೆಂಟಿಮೀಟರ್ ಇದೆ ಅಂತಿಟ್ಟುಕೋ. ಇಲ್ಲಿ ಒಂದು ಮಿಲಿಮೀಟರ್ ಸರಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಸುಮಾರು 7.7 ಸೆಂಟಿಮೀಟರ್ ಸರಿಯುತ್ತದೆ. ಬರೀ ಅಂದಾಜಿನ ಮೇಲೆ ಬಡಿಯಬೇಡ. ರೇಂಜಿನಲ್ಲಿ ಹೊಡೆದು ನೋಡದೆ ಸರಿ ಆಯಿತು ಅನ್ನೋಕೆ ಬರಲ್ಲ.

ಟ್ರಿಟಿಯಂ ಬಗ್ಗೆ. ಅದು ಹೈಡ್ರೋಜನ್‌ನದೇ ಒಂದು ಜಾತಿ, ವಿಕಿರಣ ಬಿಡುತ್ತದೆ. ಕಡ್ಡಿಪುಡಿಯಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ಆ ಗ್ಯಾಸ್ ತುಂಬಿರುತ್ತಾರೆ, ಒಳಗೋಡೆಗೆ ಹೊಳೆಯುವ ಪುಡಿ ಹಚ್ಚಿರುತ್ತಾರೆ. ಬ್ಯಾಟರಿ ಬೇಡ, ಬೆಳಕು ತೋರಿಸುವುದೂ ಬೇಡ. ಆದರೆ 12 ವರ್ಷ ಚಿಲ್ಲರೆಗೆ ಹೊಳಪು ಅರ್ಧಕ್ಕೆ ಇಳಿಯುತ್ತದೆ. ಸುತ್ತಿಗೆ ತಪ್ಪಿ ಗಾಜು ಒಡೆದರೆ ಆ ಸೈಟ್ ಕೆಲಸಕ್ಕೆ ಬರಲ್ಲ. ಕಿಟಕಿ ಬಾಗಿಲು ತೆಗೆದು ಹೊರಗೆ ನಡೆಯಬೇಕು, ಚೂರು ಮುಟ್ಟಬಾರದು, ಕೈ ತೊಳೆದುಕೊಳ್ಳಬೇಕು. ಅದರ ಕಿರಣ ಚರ್ಮ ದಾಟುವುದಿಲ್ಲ, ಒಳಗೆ ಹೋಗದಂತೆ ನೋಡಿಕೊಂಡರೆ ಸಾಕು.

ಸ್ಟಿಕ್ಕರ್ ತಮ್ಮಾ, ನೀನು ಮಾರುವುದರಲ್ಲಿ ರೇಡಿಯಂ ಇಲ್ಲ ಮಾರಾಯ. ನಮ್ಮ ಜನ ಆ ಹೆಸರಿಟ್ಟಿದ್ದಾರೆ ಅಷ್ಟೇ. ಲಾರಿ ಲೈಟ್ ಬಿದ್ದರೆ ಆ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತದೆ. ಕತ್ತಲಲ್ಲಿ ಅದೂ ಕತ್ತಲೇ.

ಈಗ ಬೇಳೆ ಸಾಹೇಬ್ರೆ, ಸಿಟ್ಟಾಗಬೇಡಿ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅವತ್ತು ರಾತ್ರಿ ನಿಮಗೆ ಮೊನೆ ಕಾಣಲಿಲ್ಲ ಅಂತ ಬರೆದಿದ್ದೀರಿ. ಆಳೂ ಕಾಣಲಿಲ್ಲ ಅಲ್ವಾ? ಮೂರು ಹಸಿರು ಚುಕ್ಕಿ ಹೊಳೆಯುತ್ತಿದ್ದರೆ ಏನಾಗುತ್ತಿತ್ತು? ಚುಕ್ಕಿ ಸಾಲಾಗಿ ಕೂರುತ್ತಿದ್ದವು. ಅದರ ಆ ಕಡೆ ನಿಂತವನು ಯಾರು ಅಂತ ಆಗಲೂ ಗೊತ್ತಾಗುತ್ತಿರಲಿಲ್ಲ. ಆ ಸೈಟ್ ಪಿಸ್ತೂಲನ್ನು ತೋರಿಸುತ್ತದೆ, ಮನುಷ್ಯನನ್ನಲ್ಲ. ಅಂಗಳದಲ್ಲಿ ನಿಮಗೆ ಬೇಕಿದ್ದದ್ದು ಟಾರ್ಚು. ಟಾರ್ಚ್ ಹಾಕಿದರೆ ಮೊನೆ ತಾನೇ ಕರ್ರಗೆ ಎದ್ದು ಕಾಣುತ್ತದೆ, ಸಂಜೆ ಆಕಾಶಕ್ಕೆ ಬೇವಿನ ಮರ ಕಾಣುವ ಹಾಗೆ. ಅದಕ್ಕೂ ಮೊದಲು ಬಾಯಿ ಬಿಟ್ಟು ‘ಯಾರೋ ಅವ’ ಅನ್ನಬೇಕು. ಮತ್ತೆ ಫರಸಿ ಮೇಲೆ ನಿಂತಿದ್ದಿರಿ. ಗುಂಡು ಕಲ್ಲಿಗೆ ತಾಗಿ ಎತ್ತ ಚಿಮ್ಮುತ್ತದೆ ಅಂತ ಯಾವ ಆರ್ಮರರೂ ಹೇಳಲಾರ.

ಚಾಳೀಸಿನ ಕಣ್ಣಿಗೆ ಹಗಲು, ಮಬ್ಬು ಬೆಳಕಿನಲ್ಲಿ ಸಹಾಯ ಬೇಕೆಂದರೆ ಬಣ್ಣ ಹಚ್ಚಿ. ಫೋರ್‌ಸೈಟಿನ ಹಿಂಬದಿಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಎಣ್ಣೆ ಇದ್ದರೆ ಬಣ್ಣ ನಿಲ್ಲಲ್ಲ. ಹಲ್ಲುಕಡ್ಡಿ ತುದಿಯಿಂದ ಬಿಳಿ ನೇಲ್ ಪಾಲಿಶ್ ಒಂದು ಚುಕ್ಕಿ. ಅದು ಒಣಗಿದ ಮೇಲೆ ಕಣ್ಣಿಗೆ ಹೊಡೆಯುವಂಥ ಕಿತ್ತಳೆ ಬಣ್ಣ. ಕೆಳಗೆ ಬಿಳಿ ಇರದಿದ್ದರೆ ಕಿತ್ತಳೆ ಮಂಕಾಗುತ್ತದೆ, ಅದು ತೆಳು ಬಣ್ಣ. ಮೊನೆಯ ಮೇಲ್ತುದಿಗೆ ಹತ್ತಬಾರದು. ಬೇಡ ಅನ್ನಿಸಿದರೆ ರಿಮೂವರ್ ಹಾಕಿ ಒರೆಸಿ, ಅಪ್ಪನ ಪಿಸ್ತೂಲು ಇದ್ದಂತೆಯೇ ಇರುತ್ತದೆ.

ಕರಿ ಕೋಟು, ಕಲಬುರಗಿ:

ಫೌಜಿ ಕಾಕಾ ಹೇಳಿದ್ದಕ್ಕೆ ಕಾನೂನಿನ ಮಾತು ಸ್ವಲ್ಪ ಸೇರಿಸುತ್ತೇನೆ.

1959ರ ಆರ್ಮ್ಸ್ ಆಕ್ಟ್‌ನಲ್ಲಿ ಆಯುಧ ಅಂದರೆ ಅದರ ಬಿಡಿ ಭಾಗವೂ ಸೇರಿತು. 10ನೇ ಸೆಕ್ಷನ್ ಪ್ರಕಾರ ಹೊರದೇಶದಿಂದ ತರಲು ಲೈಸೆನ್ಸ್ ಬೇಕು. ಸೈಟ್ ಭಾಗವೋ, ಬರೀ ಅಲಂಕಾರವೋ ಅಂತ ನಿಮ್ಮ ಕಾಕಾನ ಮಗ ಏರ್‌ಪೋರ್ಟಿನಲ್ಲಿ ರಾತ್ರಿ ಮೂರಕ್ಕೆ ವಾದ ಮಾಡುತ್ತ ನಿಲ್ಲುವುದು ಬೇಡ. ಮೇಲಿಂದ ವಿಕಿರಣದ ವಸ್ತು ಬೇರೆ.

ಲೇತ್‌ನವನ ವಿಷಯ ಇನ್ನೂ ಕಷ್ಟ. ರಿಪೇರಿ ಮಾಡುವ ದಂಧೆಗೂ 5ನೇ ಸೆಕ್ಷನ್‌ನಲ್ಲಿ ಲೈಸೆನ್ಸ್ ಬೇಕು. ಅವನ ಕೈಗೆ ಪಿಸ್ತೂಲು ಕೊಟ್ಟು ನೀವು ಚಾ ಕುಡಿಯಲು ಹೋದರೆ ಅವನೂ ಸಿಕ್ಕಿಬಿದ್ದ, ನೀವೂ ಸಿಕ್ಕಿಬಿದ್ದಿರಿ. ಲೈಸೆನ್ಸ್ ಇರುವ ಗನ್ ಅಂಗಡಿಗೇ ಹೋಗಿ. ಹೈದರಾಬಾದ್ ಹತ್ತಿರ ಅಂತ ಕಾರು ಹತ್ತುವ ಮುಂಚೆ ನಿಮ್ಮ ಲೈಸೆನ್ಸ್‌ನಲ್ಲಿ ಯಾವ ಏರಿಯಾ ಬರೆದಿದೆ ನೋಡಿ. ಕರ್ನಾಟಕ ಅಂತ ಮಾತ್ರ ಇದ್ದರೆ ಗಡಿ ದಾಟುವಂತಿಲ್ಲ.

ಇನ್ನೊಂದು. ರಾತ್ರಿ ಮನೆ ಒಡೆದು ನುಗ್ಗುವವನ ವಿಷಯದಲ್ಲಿ ಕಾನೂನು ಹೇಳುವುದು ಬೇರೆ, ಬಯಲು ಕಣದಲ್ಲಿ ತೊಗರಿ ಚೀಲ ಎತ್ತುವವನ ವಿಷಯ ಬೇರೆ. ಜೀವಕ್ಕೆ ಅಪಾಯ ಇತ್ತು ಅಂತ ತೋರಿಸಲಾಗದಿದ್ದರೆ ಚೀಲಕ್ಕಾಗಿ ಗುಂಡು ಹೊಡೆದವನನ್ನು ಉಳಿಸುವುದು ನನ್ನಂಥವರಿಗೂ ಕಷ್ಟ. ಆ ಚೀಲದ ತೊಗರಿ ನನ್ನ ಫೀಸಿಗೂ ಸಾಲಲ್ಲ.

ಸೂಪರ್‌ಮಾರ್ಕೆಟ್ ಸ್ಟಿಕ್ಕರ್:

ಇಷ್ಟು ದಿನ ಗಿರಾಕಿಗಳಿಗೆ ರೇಡಿಯಂ ಅಂತಲೇ ಬಿಲ್ ಬರೆಯುತ್ತಿದ್ದೆ. ಕಾಕಾ ಹೊಟ್ಟೆ ಮೇಲೆ ಹೊಡೆದರು.

ಭೀಮಾ ದಂಡೆ, ಯಾದಗಿರಿ:

ಕಾಕಾ, ಥ್ಯಾಂಕ್ಸ್. ಇನ್ನು ನಾನು ಸುತ್ತಿಗೆ ಮುಟ್ಟಲ್ಲ. ಅಂಗಡಿಯವರ ಹತ್ತಿರವೇ ಬಲಕ್ಕೆ ಸರಿಸಿಸುತ್ತೇನೆ.

ಗಂಜಿನ ಬೇಳೆ, ಕಲಬುರಗಿ:

ಎರಡು ವಾರ ಸೀಸನ್ ಗಡಿಬಿಡಿ, ಈಗ ಬರೆಯುತ್ತಿದ್ದೇನೆ. ಕಾಕಾ, ನೀವು ಬರೆದದ್ದು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಾನು ಆ ಕಥೆಯನ್ನು ಸೈಟ್ ಬೇಕು ಅನ್ನೋದಕ್ಕೆ ಹೇಳಿದ್ದೆ. ಎಲ್ಲರ ಮುಂದೆ ನಗುತ್ತಲೂ ಹೇಳುತ್ತಿದ್ದೆ. ಆಳು ನಮ್ಮ ಮನೆಯಲ್ಲಿ ಹದಿನೆಂಟು ವರ್ಷದಿಂದ ಇದ್ದಾನೆ.

ಭೂತಗನ್ನಡಿ ಹಿಡಿದು ನೋಡಿದೆ, ಮೊನೆ ಸ್ಲೈಡಿನದೇ ಕಬ್ಬಿಣ, ಸಂದು ಎಲ್ಲೂ ಇಲ್ಲ. ಡಲ್ಲಾಸ್‌ನಲ್ಲಿರುವ ಕಾಕಾನ ಮಗನಿಗೆ ಬೇಡ ಅಂದೆ, ಬ್ಯಾಗಿನಲ್ಲಿ ಜಾಗ ಉಳಿಯಿತು ಅಂತ ಮಕ್ಕಳಿಗೆ ಚಾಕಲೇಟ್ ತರುತ್ತಾನಂತೆ. ಲೇತ್‌ನವನು ಸ್ವಲ್ಪ ಮುನಿಸಿಕೊಂಡ.

ಬಣ್ಣ ಹಚ್ಚಿದೆ. ಮೊದಲ ಸಲ ಚುಕ್ಕಿ ಜೋಳದ ಕಾಳಿನಷ್ಟಾಯಿತು, ಒರೆಸಿದೆ. ಎರಡನೇ ಸಲ ಹೆಂಡತಿ ಬಂದು ಕಡ್ಡಿ ಕಸಿದುಕೊಂಡು ತಾನೇ ಇಟ್ಟಳು, ಸಾಸಿವೆಯಷ್ಟು, ನಡುಮಧ್ಯೆ. ಕಣದ ಕಂಬಕ್ಕೆ ಸೋಲಾರ್ ಲೈಟ್ ಹಾಕಿಸಿದೆ, ಮನುಷ್ಯ ಹತ್ತಿರ ಬಂದರೆ ತಾನೇ ಹತ್ತುತ್ತದೆ. ಟಾರ್ಚ್ ಎರಡು ತಂದೆ. ಒಂದು ನನ್ನ ದಿಂಬಿನ ಪಕ್ಕ, ಇನ್ನೊಂದು ಆಳಿಗೆ. ಈಗ ಅವನು ರಾತ್ರಿ ಮೋಟಾರ್ ಹತ್ತಿರ ಬಂದರೆ ಗೇಟಿನಿಂದಲೇ ಟಾರ್ಚನ್ನು ತನ್ನ ಮುಖಕ್ಕೆ ಹಿಡಿದುಕೊಂಡು ‘ನಾನ್ರಿ ಮಾಲಕ್ರೆ, ನಾನು’ ಅಂತ ಕೂಗುತ್ತಾನೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.