ಮೂಡಗಾಳಿ, ತಣ್ಣನೆಯ ನೀರು, ಸಣ್ಣ ಮೀನು: ಗಾಳದ ಪಂದ್ಯದಲ್ಲಿ ತೂಕ ಬರೋದು ಹೇಗೆ?

ಬೆಂಡು_ತುಮಕೂರು:

ಎಲ್ಲರಿಗೂ ನಮಸ್ಕಾರ. ಗುಬ್ಬಿ ಕಡೆಯ ಒಂದು ಕೆರೆಯಲ್ಲಿ ನಾವು ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಗಾಳದ ಪಂದ್ಯ ಇಟ್ಟುಕೊಳ್ಳುತ್ತೇವೆ. ಕೆರೆ ಟೆಂಡರ್ ಹಿಡಿದವರ ಒಪ್ಪಿಗೆ ಇದೆ. ಚೀಟಿ ಎತ್ತಿ ಜಾಗ ಹಂಚಿಕೊಂಡು ಬೆಳಿಗ್ಗೆ 7ರಿಂದ 10ರವರೆಗೆ ಕೂರುತ್ತೇವೆ. ಕೊನೆಗೆ ಒಟ್ಟು ತೂಕ ಯಾರದ್ದು ಜಾಸ್ತಿಯೋ ಅವರು ಗೆದ್ದರು. ಮಳೆಗಾಲದಲ್ಲಿ ನಾನು ಎರಡು ಸಲ ಮೊದಲು ಬಂದಿದ್ದೇನೆ.

ಈಗ ಚಳಿ ಶುರುವಾದ ಮೇಲೆ ಏನೂ ಕೈಗೆ ಹತ್ತುತ್ತಿಲ್ಲ. ಹೋದ ಭಾನುವಾರ ಮೂಡಗಾಳಿ ಹೇಗಿತ್ತು ಅಂದ್ರೆ ಕೈಬೆರಳು ಮಡಚೋಕೆ ಆಗ್ತಿರಲಿಲ್ಲ. ನೀರು ತಿಳಿಯಾಗಿಬಿಟ್ಟಿದೆ, ಮೊಣಕಾಲು ಆಳದ ಕಲ್ಲು ಕಾಣುತ್ತೆ. ಮೂರು ಗಂಟೆಯಲ್ಲಿ ನನಗೆ ಸಿಕ್ಕಿದ್ದು 9 ಮೀನು, 140 ಗ್ರಾಂ. ಪಕ್ಕದ ಜಾಗದಲ್ಲಿದ್ದ ಹಿರಿಯರು ಅದೇ ಎರೆಹುಳು ಹಾಕಿ 61 ಮೀನು ಹಿಡಿದರು, 780 ಗ್ರಾಂ. ಎಲ್ಲಾ ಬೆರಳುದ್ದದ ಪಕ್ಕೆ ಮೀನು, ನಾಲ್ಕೈದು ಮರಿ ಜಿಲೇಬಿ (ತಿಲಾಪಿಯಾ).

ನನ್ನ ಹತ್ರ ಇರೋದು 7 ಅಡಿ ರಾಡು, ರೀಲು, 0.25 ಮಿ.ಮೀ. ಟಂಗೂಸಿ (ನೈಲಾನ್ ದಾರ), 10ನೇ ನಂಬರ್ ಗಾಳ, ಥರ್ಮಾಕೋಲ್ ಬೆಂಡು. ಮೊದಲಿಗೇ ಕಡಲೆಕಾಯಿ ಹಿಂಡಿ ಮೂರು ಹಿಡಿ ಎರಚಿದೆ. ಬೆಂಡು ಮುಳುಗಲೇ ಇಲ್ಲ, ಆದರೆ ಎತ್ತಿ ನೋಡಿದಾಗೆಲ್ಲ ಹುಳುವಿನ ತುದಿ ಮಾಯ. ಎಲ್ಲಿ ತಪ್ಪಿದೆ, ತಿಳಿದವರು ದಯವಿಟ್ಟು ಹೇಳಿ. ವಯಸ್ಸು 24, ಕಲಿಯೋಕೆ ಮನಸ್ಸಿದೆ.

ಏರಿಮೇಲೆ_ಕುಣಿಗಲ್:

ತಮ್ಮಾ, ಹುಳುವಿನ ತುದಿ ಹೋಗಿದೆ ಅಂದ್ರೆ ಮೀನು ಕಚ್ಚಿದೆ. ನಿನ್ನ ಬೆಂಡು ಅದನ್ನು ನಿನಗೆ ಹೇಳಲಿಲ್ಲ. ಹತ್ತು ಗ್ರಾಂ ಮೀನು ಥರ್ಮಾಕೋಲ್ ಉಂಡೆಯನ್ನು ಎಳೆದು ಮುಳುಗಿಸಲಿ ಅಂತ ಕಾಯೋದು ಆಗದ ಮಾತು.

ನವಿಲುಗರಿಯ ದಂಟು ಒಂದು ಗೇಣುದ್ದ ಕತ್ತರಿಸಿ ಬೆಂಡು ಮಾಡಿಕೋ. ತುದಿಗೆ ಕೆಂಪು ಬಣ್ಣ ಹಚ್ಚು. ಆಮೇಲೆ ಸೀಸದ ಸಣ್ಣ ಗುಂಡುಗಳನ್ನು ಒಂದೊಂದಾಗಿ ಟಂಗೂಸಿಗೆ ಕಚ್ಚಿಸುತ್ತಾ ಹೋಗು, ನೀರಿನ ಮೇಲೆ ಹೆಸರುಕಾಳಿನಷ್ಟು ತುದಿ ಮಾತ್ರ ಉಳಿಯಬೇಕು. ಇನ್ನೊಂದು ಚೂರು ಸೀಸ ಹಾಕಿದರೆ ಮುಳುಗಿಬಿಡುತ್ತೆ ಅನ್ನೋ ಹಾಗಿರಬೇಕು. ಕೊನೆಯ ಗುಂಡು, ಎಲ್ಲಕ್ಕಿಂತ ಚಿಕ್ಕದು, ಗಾಳಕ್ಕಿಂತ ಒಂದು ಗೇಣು ಮೇಲೆ.

ಚಳಿಯಲ್ಲಿ ಬೆಂಡು ಮುಳುಗೋದಕ್ಕಿಂತ ಏಳೋದೇ ಜಾಸ್ತಿ, ಇದನ್ನು ಚೆನ್ನಾಗಿ ನೆನಪಿಟ್ಟುಕೋ. ಮೀನು ತಳದಲ್ಲಿ ಹುಳು ತಗೊಂಡು ಸ್ವಲ್ಪ ತಲೆ ಎತ್ತುತ್ತೆ, ಕೊನೆಯ ಗುಂಡಿನ ಭಾರ ಬೆಂಡಿನಿಂದ ಇಳಿಯುತ್ತೆ, ಹೆಸರುಕಾಳಿನಷ್ಟಿದ್ದ ತುದಿ ಅವರೆಕಾಳಿನಷ್ಟಾಗುತ್ತೆ. ಆಗಲೇ ಮಣಿಕಟ್ಟು ತಿರುಗಿಸಬೇಕು. ಇನ್ನೊಂದು ಗುರುತು, ಗಾಳ ಬಿಟ್ಟ ಮೇಲೆ ಮನಸ್ಸಲ್ಲೇ ಎಣಿಸು. ದಿನಾ ನಾಲ್ಕಕ್ಕೆ ನೆಟ್ಟಗೆ ನಿಲ್ಲೋ ಬೆಂಡು ಆರಾದರೂ ನಿಂತಿಲ್ಲ ಅಂದ್ರೆ ಹುಳು ಇಳಿಯುವಾಗಲೇ ಯಾವುದೋ ಬಾಯಿಗೆ ಸಿಕ್ಕಿದೆ.

ಟಂಗೂಸಿ 0.10 ಅಥವಾ 0.12 ಸಾಕು. ಗಾಳ 18 ಅಥವಾ 20, ನಂಬರ್ ಜಾಸ್ತಿಯಾದಷ್ಟೂ ಗಾಳ ಚಿಕ್ಕದು ಅನ್ನೋದು ಗೊತ್ತಲ್ವಾ. ಎರೆಹುಳು ಇಡಿಯಾಗಿ ಬೇಡ, ಭತ್ತದ ಕಾಳಿನಷ್ಟು ತುಂಡು ಸಾಕು. ಆ ಮೂರು ಹಿಡಿ ಹಿಂಡಿಯಂತೂ ದೊಡ್ಡ ತಪ್ಪು. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತೆ, ತಿಂದದ್ದು ಬೇಗ ಅರಗಲ್ಲ. ಒಮ್ಮೆ ಹೊಟ್ಟೆ ತುಂಬಿದರೆ ನಿನ್ನ ಪಂದ್ಯ ಅಲ್ಲಿಗೇ ಮುಗೀತು.

ಬೆಂಡು_ತುಮಕೂರು:

ಅಣ್ಣಾ, ತುಂಬಾ ಥ್ಯಾಂಕ್ಸ್. ಬೆಂಡು ಏಳೋದನ್ನು ನಾನು ಅಲೆ ಅಂದುಕೊಂಡಿದ್ದೆ. ಹಾಗಾದರೆ ಹಿಂಡಿ ಪೂರ್ತಿ ಬಿಡಬೇಕಾ? ಮತ್ತೆ ಈ ರಾಡಿಗೆ ಇಷ್ಟು ಸಣ್ಣ ಟಂಗೂಸಿ ಸರಿಹೋಗುತ್ತಾ?

ಏರಿಮೇಲೆ_ಕುಣಿಗಲ್:

ಹಿಂಡಿ ಬಿಡಬೇಡ, ಜರಡಿ ಹಿಡಿ. ನುಣ್ಣನೆಯ ಪುಡಿಗೆ ಅಷ್ಟೇ ರಾಗಿಹಿಟ್ಟು ಸೇರಿಸಿ, ನೀರು ಚಿಮುಕಿಸಿ, ಹಿಡಿದರೆ ಉಂಡೆ, ನೀರಿಗೆ ಬಿದ್ದರೆ ಮೋಡ ಆಗೋ ಹದಕ್ಕೆ ತಾ. ಗೋಲಿ ಗಾತ್ರದ ಒಂದೇ ಉಂಡೆ, ಬೆಂಡಿನ ಪಕ್ಕದಲ್ಲೇ. ನಾಲ್ಕೈದು ಮೀನು ಬಂದ ಮೇಲೆ ಇನ್ನೊಂದು. ವಾಸನೆಗೆ ಬರಬೇಕು, ತಿನ್ನೋಕೆ ಸಿಗಬಾರದು.

ರಾಡು ಮನೆಯಲ್ಲೇ ಇಡು. 12, 13 ಅಡಿಯ ಹಗುರ ಬಿದಿರು ಕೋಲು ತಗೋ, ತುದಿ ಬಳುಕಬೇಕು. ಟಂಗೂಸಿ ಕೋಲಿಗಿಂತ ಒಂದಡಿ ಕಡಿಮೆ ಕಟ್ಟು. ಎತ್ತಿದರೆ ಮೀನು ತೂಗಿಕೊಂಡು ನೇರ ಎಡಗೈಗೆ ಬರುತ್ತೆ, ರೀಲು ಸುತ್ತೋ ಹೊತ್ತು ಉಳಿಯುತ್ತೆ. ಮೂರು ಗಂಟೆ ಅಂದ್ರೆ 180 ನಿಮಿಷ. ಎರಡು ನಿಮಿಷಕ್ಕೊಂದು, 12 ಗ್ರಾಂ ಅಂದುಕೊಂಡರೂ 90 ಮೀನು, ಒಂದು ಕೆ.ಜಿ. ದಾಟುತ್ತೆ.

ಹಸಿರುನೀರು_ಕೋಲಾರ:

ನಮ್ಮ ಕಡೆ ಕಷ್ಟ ಬೇರೆ ಥರ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿರೋ ಕೆರೆಗಳಲ್ಲಿ ನೀರು ತಿಳಿಯಾಗಲ್ಲ, ಪಾಚಿಯಿಂದ ಹಸಿರು ಹಸಿರಾಗೇ ಇರುತ್ತೆ. ರಾತ್ರಿಯೆಲ್ಲ ಆ ಪಾಚಿಯೂ ಆಮ್ಲಜನಕ ಎಳೆಯುತ್ತೆ, ಹಾಗಾಗಿ ಬೆಳಗಿನ ಜಾವ ಮೀನಿಗೆ ಉಸಿರಾಟವೇ ಕಷ್ಟ. ಆರು ಗಂಟೆಗೆ ಹೋಗಿ ಸುಮ್ನೆ ಕೂತು ಎಷ್ಟೋ ಸಲ ಬರಿಗೈಲಿ ಬಂದಿದ್ದೇನೆ. ಬಿಸಿಲು ಬಿದ್ದು ಒಂದೆರಡು ಗಂಟೆ ಆದಮೇಲೆ ಕಚ್ಚೋಕೆ ಶುರು.

ನಿಮ್ಮ ತಿಳಿನೀರಿಗೂ ಒಂದು ಮಾತು. ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಜಿಲೇಬಿ ಮೇಯೋದನ್ನು ತುಂಬಾ ಕಡಿಮೆ ಮಾಡುತ್ತೆ. ಮೂಲದಲ್ಲಿ ಅದು ಆಫ್ರಿಕಾದ ಬಿಸಿನೀರಿನ ಮೀನು, ಭಾರತಕ್ಕೆ ತಂದದ್ದೇ 1952ರಲ್ಲಿ. ಹಾಗಾಗಿ ಬೆಳಿಗ್ಗೆ ಪಕ್ಕೆ ನಂಬಿಕೊಳ್ಳಿ. ಏರಿ, ತೂಬಿನ ಹತ್ರ ಜಾಗ ಬಂದರೆ ತಳಕ್ಕೆ ಬಿಡಿ. ಕೆರೆ ಅಂಗಳದ ಕಡೆ ಬಂದರೆ ಒಂಬತ್ತರವರೆಗೆ ತಾಳ್ಮೆ ಬೇಕು, ಬಿಸಿಲಿಗೆ ಮೊದಲು ಬೆಚ್ಚಗಾಗೋದು ಆ ತೆಳುನೀರೇ. ಪಂದ್ಯವನ್ನೇ 9ರಿಂದ 12ಕ್ಕೆ ಇಟ್ಟುಕೊಳ್ಳಬಹುದಲ್ವಾ?

ಚಿಂತಾಮಣಿ_ಗಾಳ:

ನಾನು ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೆ. ಅಲ್ಲಿ ಇದು ದೊಡ್ಡ ಆಟ. ಊರಿನ ಪಕ್ಕದ ಹೋಮ್ ಪಿಯರ್‌ಪಾಂಟ್‌ನಲ್ಲೇ 1994ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು, ಗೆದ್ದವರು ಬಾಬ್ ನಡ್. 1990, 1991, 1999ರಲ್ಲೂ ಅವರೇ. ಇಡೀ ದಿನ ಅಂಗೈಗಿಂತ ಚಿಕ್ಕ ರೋಚ್, ಗಜನ್ ಮೀನು ಹಿಡಿದು ತೂಕ ಹಾಕ್ತಾರೆ.

ಫೆಬ್ರವರಿಯಲ್ಲಿ ಕಾಲುವೆ ದಂಡೆಯಲ್ಲಿ ಒಬ್ಬರ ಹಿಂದೆ ಎರಡು ಗಂಟೆ ನಿಂತು ನೋಡಿದ್ದೆ. ಪ್ರತಿ ಸಲ ಗಾಳ ಬಿಡುವಾಗ ನಾಲ್ಕೈದು ಹುಳು ಮಾತ್ರ ಎಸೀತಿದ್ದರು, ಬಿಟ್ಟೂಬಿಡದೆ, ಅದೇ ಜಾಗಕ್ಕೆ. ಮೀನು ಬರೋದು ನಿಂತರೆ ಮೊದಲು ಹುಳು ಬದಲಿಸಲ್ಲ, ಆಳ ಬದಲಿಸ್ತಾರೆ, ಎರಡು ಬೆರಳಿನಷ್ಟು. ಪಂದ್ಯಕ್ಕೆ ಮುಂಚೆ ಗಾಳಕ್ಕೆ ಭಾರ ಸಿಕ್ಕಿಸಿ ತಳ ಅಳೆದು, ಕೋಲಿನ ಮೇಲೆ ಗುರುತು ಹಾಕಿಕೊಂಡಿರ್ತಾರೆ. ಇದೊಂದನ್ನು ಖಂಡಿತ ಮಾಡಿ. ಮತ್ತೆ ಹಿಡಿದ ಮೀನು ಅಲ್ಲಿ ನೀರೊಳಗಿನ ಉದ್ದ ಬಲೆಚೀಲದಲ್ಲಿ ಜೀವಂತ ಇರುತ್ತೆ, ತೂಕ ಆದ ಮೇಲೆ ವಾಪಸ್. ನಮ್ಮ ಪಕ್ಕೆಯನ್ನೂ ಹಾಗೇ ಬಿಡಬೇಕು ಅನ್ನೋದು ನನ್ನ ಆಸೆ. ಬಕೆಟ್ಟಿನಲ್ಲಿ ಇಡೋದಾದರೆ ನೀರು ಆಗಾಗ ಬದಲಿಸಿ.

ಬೆಂಡು_ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ಅದೇ ಕೆರೆಗೆ ಒಬ್ಬನೇ ಹೋಗಿದ್ದೆ. ನವಿಲುಗರಿ ಬೆಂಡು, 0.12 ಟಂಗೂಸಿ, 18ನೇ ನಂಬರ್ ಗಾಳ, ತಾತನ ಕಾಲದ ಬಿದಿರು ಕೋಲು. ಗಾಳಿ ಬೆನ್ನಿಗೆ ಬರೋ ಹಾಗೆ ಏರಿ ಮೇಲೆ ಕೂತೆ. ಮೊದಲ ಅರ್ಧ ಗಂಟೆ ಬೆಂಡು ಏಳೋದು ಕಂಡರೂ ಕೈ ತಡವಾಗುತ್ತಿತ್ತು. ಆಮೇಲೆ ಸಿಕ್ಕಿತು. ಕೆಂಪು ತುದಿ ಒಂಚೂರು ಎದ್ದ ಕೂಡಲೇ ಎಳೆದರೆ ಕೋಲಿನ ತುದಿಯಲ್ಲಿ ಪಟಪಟ. ಒಂದೂವರೆ ಗಂಟೆಗೆ 34 ಪಕ್ಕೆ, ಎಲ್ಲಾ ವಾಪಸ್ ಬಿಟ್ಟೆ. ಗೋಲಿ ಗಾತ್ರದ ಉಂಡೆ ಒಟ್ಟು ಏಳು ಹಾಕಿದ್ದೆ.

ಒಂಬತ್ತರ ಹೊತ್ತಿಗೆ ಕಚ್ಚೋದು ನಿಂತುಹೋಯಿತು, ಬೆಂಡು ನಾಲ್ಕು ಬೆರಳು ಕೆಳಗಿಳಿಸಿ ಆಳ ಕಡಿಮೆ ಮಾಡಿದ ಮೇಲೆ ಮತ್ತೆ ಶುರುವಾಯಿತು. ಬಿಸಿಲಿಗೆ ಮೀನು ಮೇಲೆ ಬಂದಿರಬೇಕು, ಅಲ್ವಾ ಅಣ್ಣಾ?