ಬಿಹಾರದಿಂದ ಬಂದ ಹುಡುಗಿ, ನಾಲ್ಕನೇ ತರಗತಿ: ಕನ್ನಡ ಎಲ್ಲಿಂದ ಶುರು ಮಾಡಿಸೋದು?

ಉದ್ಯಮಬಾಗ_ನೆರೆಮನಿ
ಇಲ್ಲಿ ಬೆಳಗಾವಿಯೊಳಗ ನಮ್ಮ ಬಾಜೂ ಮನಿಗೆ ಬಿಹಾರದ ಕುಟುಂಬ ಬಂದೈತಿ. ತಂದಿ ಫೌಂಡ್ರಿಯೊಳಗ ಮೌಲ್ಡಿಂಗ್ ಕೆಲಸಕ್ಕ ಹೋಗ್ತಾರ. ಮಗಳು ಊರಾಗ ಹಿಂದಿ ಮಾಧ್ಯಮದಾಗ ಮೂರನೇ ಕ್ಲಾಸ್ ಮುಗಿಸ್ಯಾಳ, ವಯಸ್ಸು ಒಂಬತ್ತು. ಟಿಸಿ ಇನ್ನೂ ಬಂದಿಲ್ಲ, ಇಲ್ಲಿ ಶಾಲಿ ಶುರುವಾಗಿ ಮೂರು ತಿಂಗಳಾತು. ಒಬ್ಬರು ಒಂದನೇ ಕ್ಲಾಸಿಗೆ ಕೂಡಿಸ್ರಿ ಅಂತಾರ, ಇನ್ನೊಬ್ಬರು ಮರಾಠಿ ಶಾಲಿಗೆ ಹಾಕ್ರಿ, ಲಿಪಿ ಒಂದ ಐತಿ ಅಂತಾರ. ತಾಯಿಗೂ ಕನ್ನಡ ಕಲೀಬೇಕಂತ ಭಾಳ ಆಸೆ. ತಿಳಿದವರು ದಾರಿ ಹೇಳ್ರಿ.

ನಲಿಕಲಿ_ಮಾಸ್ತರ
ಒಂದನೇ ತರಗತಿಗೆ ಖಂಡಿತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ವಯಸ್ಸಿಗೆ ತಕ್ಕ ತರಗತಿ ಕೊಡಬೇಕು, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಬೇಕು ಎನ್ನುತ್ತದೆ. ಟಿಸಿ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ (5ನೇ ಕಲಂ), ಶಾಲೆ ಶುರುವಾಗಿದೆ ಎಂದೂ ನಿರಾಕರಿಸುವಂತಿಲ್ಲ (15ನೇ ಕಲಂ). ಮುಖ್ಯ ಶಿಕ್ಷಕರು ಅನುಮಾನಿಸಿದರೆ ಕ್ಲಸ್ಟರ್‌ನ (ಸುತ್ತಲಿನ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಅವರನ್ನು ಕಾಣಿ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ನಿಜವಾಗಿ ಗಂಟು ಬೀಳುವುದು ಆನ್‌ಲೈನ್ ದಾಖಲೆಯಲ್ಲಿ. ಬಿಹಾರದ ಶಾಲೆಯವರು ಯುಡೈಸ್‌ನಲ್ಲಿ (ದೇಶದ ಶಾಲೆಗಳ, ಮಕ್ಕಳ ಆನ್‌ಲೈನ್ ದಾಖಲೆ) ಮಗುವನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟ ಮಕ್ಕಳ ಪಟ್ಟಿ) ಬಿಡದಿದ್ದರೆ ಇಲ್ಲಿಯ ಶಾಲೆ ಹೆಸರನ್ನು ಎಳೆದುಕೊಳ್ಳಲು ಆಗುವುದಿಲ್ಲ. ಅಲ್ಲಿಗೆ ಫೋನ್ ಮಾಡಿ ಮಗುವಿನ ಪೆನ್ ಸಂಖ್ಯೆ (ಆ ದಾಖಲೆಯಲ್ಲಿ ಪ್ರತಿ ಮಗುವಿಗಿರುವ ಕಾಯಂ ಸಂಖ್ಯೆ) ಬರೆಸಿಕೊಳ್ಳಿ, ಡ್ರಾಪ್‌ಬಾಕ್ಸ್‌ಗೆ ಬಿಡಲು ಹೇಳಿ. ಜನ್ಮದಿನಾಂಕ, ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ ಹೊಂದುತ್ತದೆಯೇ ಎಂದು ಆಗಲೇ ನೋಡಿ. ಮಗು ಅಲ್ಲಿಯವರೆಗೆ ತರಗತಿಯಲ್ಲಿ ಕೂತಿರಲಿ.

ಒತ್ತಕ್ಷರ
ಓದಿಸೋದರ ಬಗ್ಗೆ ಹೇಳತೀನಿ. ಹಿಂದಿ ಓದೋ ಮಗುವಿಗೆ ಕ ಖ ಗ ಘ ಸಾಲು ಬಾಯಿಪಾಠ ಮಾಡಿಸೋದು ದಂಡ, ಆ ಸಾಲು ಆಕೀಗೆ ಬರ್ತದ. ಬೇಕಾದದ್ದು ಆಕಾರದ ಪರಿಚಯ. ನಲಿ-ಕಲಿ (ಸರ್ಕಾರಿ ಶಾಲಿಯೊಳಗ ಸಣ್ಣ ಮಕ್ಕಳಿಗೆ ಆಟದ ಮೂಲಕ ಕಲಿಸೋ ಪದ್ಧತಿ) ಕ್ರಮದಾಗ ರ, ಗ, ಸ, ದ, ಅ ಮೊದಲು ಬರ್ತಾವ. ಈ ಐದರಾಗ ಸರ, ದರ, ಅರಸ, ಅಗಸ, ಗರಗಸ ಆಗಲೇ ಓದಬಹುದು. ದಿನಾ ಇಪ್ಪತ್ತು ನಿಮಿಷ ಸಾಕು. ಐದು ಅಕ್ಷರದ ಪದ ತಡವರಿಸದೇ ಓದಿದ ಮ್ಯಾಲೇ ಮುಂದಿನ ಐದು.

ಎಡವೋದು ಎಲ್ಲಿ ಅಂದ್ರ, ಒಂದು: ಎ-ಏ, ಒ-ಓ. ಶಾಲಿ ಹಿಂದಿಯ ಅಕ್ಷರಮಾಲೆಯೊಳಗ ಹ್ರಸ್ವ ಎ, ಒ ಇಲ್ಲ. ಹಂಗಾಗಿ ಬೆಳೆ, ಬೇಳೆ ಎರಡೂ ಒಂದೇ ಥರ ಕೇಳಸ್ತಾವ. ಕನ್ನಡ ಪದಗಳನ್ನ ದೇವನಾಗರಿಯೊಳಗ ಬರಕೊಳ್ಳೋ ರೂಢಿ ಬಿದ್ರ ಈ ತಪ್ಪು ಗಟ್ಟಿಯಾಗಿ ಕೂತುಬಿಡ್ತದ, ಆ ರೂಢಿ ಮೊದಲ ದಿನಾನ ತಪ್ಪಿಸ್ರಿ. ಎರಡು: ಪದದ ಕೊನೆಯ ಅಕಾರ ನುಂಗಿ 'ಮರ'ಕ್ಕ 'ಮರ್' ಅಂತಾರ.

ಎಲ್ಲಕ್ಕಿಂತ ಕಷ್ಟ ಒತ್ತಕ್ಷರ. ಹಿಂದಿಯೊಳಗ ಮೊದಲನೇ ವ್ಯಂಜನ ಅರ್ಧ ಆಗ್ತದ, ಕನ್ನಡದಾಗ ಮೊದಲನೇದು ಪೂರ್ತಿ ನಿಂತು ಎರಡನೇದು ಕೆಳಗ ಹೋಗ್ತದ. 'ಶಕ್ತಿ' ಬರೆದು ತೋರಿಸ್ರಿ: ಗುಡಿಸು ('ಇ' ಸ್ವರದ ಗುರುತು) ಮ್ಯಾಲಿನ ಕಕಾರಕ್ಕ ಹತ್ತಿರತದ, ಹಂಗಾಗಿ ಮಗು 'ಶಕಿತ' ಅಂತ ಓದತದ. ಬೆರಳು ಮೊದಲು ಮ್ಯಾಲಿನ ಅಕ್ಷರ, ಆಮ್ಯಾಲೆ ಒತ್ತು, ಕಡೀಕ ಗುಡಿಸು, ಈ ಕ್ರಮದಾಗ ಹೋಗಲಿ. 'ಸೂರ್ಯ'ದ ಅರ್ಕಾವತ್ತು ಮಾತ್ರ ಆಕೀಗೆ ಸುಲಭ. ಹಿಂದಿಯೊಳಗ ಯಕಾರದ ತಲಿ ಮ್ಯಾಲೆ ಕೂಡೋ ರೇಫ ಇಲ್ಲಿ ಬಲಕ್ಕ ನಿಂತದ, ಅಷ್ಟ.

ಘಟಪ್ರಭಾ_ದಂಡಿ
ಮರಾಠಿ ಶಾಲೆಯ ಸಲಹೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಕೆಲಸ ಬದಲಾಗಿ ಕೊಲ್ಹಾಪುರದ ಫೌಂಡ್ರಿಗಳ ಕಡೆ ಹೋಗುವ ವಿಚಾರ ಇದ್ದರೆ ಅದೇ ಸರಿ. ಬೆಳಗಾವಿಯಲ್ಲೇ ನೆಲೆ ನಿಲ್ಲುವುದಾದರೆ ಬೇಡ, ಯಾಕೆಂದರೆ ಮರಾಠಿಯ ಜೊತೆಗೆ ಕನ್ನಡವನ್ನೂ ಕಲಿಯಲೇಬೇಕು. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವಿದೆ. ಒಂಬತ್ತರ ಮಗುವಿನ ಮೇಲೆ ಒಮ್ಮೆಲೇ ಎರಡು ಹೊಸ ಭಾಷೆ ಹೇರಿದಂತಾಗುತ್ತದೆ.

ಖಡೇಬಜಾರ್_ಅಕ್ಕ
ತಾಯಿಗೆ ಪುಸ್ತಕ ಹಿಡಿಸಬ್ಯಾಡ್ರಿ, ಮೊದಲು ಮಾತು. 'ರೀ' ಹಚ್ಚೋದು ಕಲಿಸ್ರಿ: ಹೌದ್ರಿ, ಬ್ಯಾಡ್ರಿ, ಎಷ್ಟ್ರಿ, ಕೊಡ್ರಿ. ಆಮ್ಯಾಲೆ ಎಣಿಕಿ. ಹಿಂದಿಯೊಳಗ ನೂರರ ತನಕ ಒಂದೊಂದನ್ನೂ ನೆನಪಿಡಬೇಕು, ಕನ್ನಡದಾಗ ಒಂದರಿಂದ ಹತ್ತು, ಮತ್ತ ಇಪ್ಪತ್ತು, ಮೂವತ್ತು, ನಲವತ್ತು ಬಂದ್ರ ಮೂವತ್ತೈದು, ನಲವತ್ತೆಂಟು ಕೂಡಿಸಿ ಹೇಳಬಹುದು. ಹನ್ನೊಂದರಿಂದ ಹತ್ತೊಂಬತ್ತು ಬ್ಯಾರೆ ಕಲೀಬೇಕು.

ಇಲ್ಲಿ ದೊಡ್ಡ ಅಡ್ಡಿ ನಮ್ಮದ ಐತಿ. ಆಕಿ ಕನ್ನಡ ತೆಗದ ಕೂಡಲೇ ನಾವು ಹಿಂದಿಗೋ ಮರಾಠಿಗೋ ಹೊಳ್ಳತೀವಿ. ಕಾಯಿಪಲ್ಯೆ ಮಾರೋ ಒಬ್ಬಾಕಿಗೆ ಹೇಳಿಡ್ರಿ, ಈಕಿ ಕೂಡ ಕನ್ನಡದಾಗ ಅಷ್ಟ ಮಾತಾಡವಾ ಅಂತ. ದಿನಾ ಅಲ್ಲೇ ಹೋಗಲಿ.

ಉದ್ಯಮಬಾಗ_ನೆರೆಮನಿ
ಭಾಳ ಉಪಕಾರ ಆತ್ರಿ. ಇನ್ನೊಂದು: ಮನ್ಯಾಗ ನಾವು 'ಮಾಡಾಕತ್ತೀನಿ' ಅಂತೀವಿ, ಪುಸ್ತಕದಾಗ 'ಮಾಡುತ್ತಿದ್ದೇನೆ' ಐತಿ. ಹುಡುಗಿಗೆ ಯಾವುದು?

ನಲಿಕಲಿ_ಮಾಸ್ತರ
ಎರಡೂ, ಆದರೆ ಜಾಗ ಬೇರೆ ಇರಲಿ. ಆಡಲು ಓಣಿಯ ಮಾತು, ಬರೆಯಲು ಪುಸ್ತಕದ್ದು. ಆಡುಮಾತನ್ನು ತಿದ್ದುತ್ತಾ ಹೋದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಪಾಠದ ಒಂದು ಸಾಲು ಓದಿಸಿ, ಅದನ್ನೇ ನಿಮ್ಮ ಮನೆಯ ಮಾತಿನಲ್ಲಿ ಹೇಳಿಸಿ. ದಿನಕ್ಕೆ ನಾಲ್ಕೈದು ಸಾಲು ಸಾಕು.