ಹಿರಿಯ ನೌಕರರಿಗೆ ಕಾಲೇಜಿನ ತರಬೇತಿ: ಒಡಂಬಡಿಕೆಯಲ್ಲಿ ಯಾರ ಹೊಣೆ ಎಷ್ಟು?

ಸಂಜೆ ತರಗತಿ:
ವೃತ್ತಿಶಿಕ್ಷಣ ಕಾಲೇಜೊಂದರಲ್ಲಿ ನಾನು ಉಪನ್ಯಾಸಕ. ಐವತ್ತು ದಾಟಿದ ನೌಕರರಿಗೆ ಮೂರು ತಿಂಗಳ ತರಬೇತಿ ನಡೆಸಲು ನಮ್ಮ ಕಾಲೇಜು ಎರಡು ಕಂಪನಿಗಳೊಂದಿಗೆ ಒಡಂಬಡಿಕೆ ಮಾಡಿಕೊಳ್ಳಲಿದ್ದು, ಅದರ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲಸದ ಸ್ಥಳದಲ್ಲಿ ಸಮಾನತೆ, ಹಿರಿಯರಿಗೆ ಆಸರೆ ಎಂದೆಲ್ಲ ತಲೆಬರಹ ಕೊಟ್ಟು ಬರೆದು ಮುಗಿಸಿದ ಮೇಲೆ ಒಮ್ಮೆ ಓದಿ ನೋಡಿದೆ. ಕಾಲೇಜು ಮಾಡಬೇಕಾದದ್ದು ಒಂಬತ್ತು ಕಲಮುಗಳಲ್ಲಿದೆ. ಕಂಪನಿ ಮಾಡಬೇಕಾದದ್ದು ಒಂದೇ ಕಲಮಿನಲ್ಲಿದ್ದು, ಅದೂ 'ಪ್ರೋತ್ಸಾಹ ನೀಡತಕ್ಕದ್ದು' ಎಂಬಲ್ಲಿಗೆ ಮುಗಿದುಹೋಗಿದೆ.

ಇಂಥ ಪ್ರಯತ್ನಗಳು ಹೊಸವೇನಲ್ಲ. ಅಮೆರಿಕದ ಸಮುದಾಯ ಕಾಲೇಜುಗಳ ಸಂಘವು 2008ರಲ್ಲಿ 'ಪ್ಲಸ್ 50' ಎಂಬ ಕಾರ್ಯಕ್ರಮ ಆರಂಭಿಸಿ, ಐವತ್ತು ಮೀರಿದವರನ್ನು ಮತ್ತೆ ತರಗತಿಗೆ ಕರೆತಂದು ಉದ್ಯೋಗಕ್ಕೆ ಅಣಿಗೊಳಿಸಲು ಹೊರಟಿತು. ಡಬ್ಲಿನ್ ಸಿಟಿ ವಿಶ್ವವಿದ್ಯಾಲಯವು 2012ರಲ್ಲಿ ವಯೋಸ್ನೇಹಿ ವಿಶ್ವವಿದ್ಯಾಲಯದ ಹತ್ತು ತತ್ವಗಳನ್ನು ಮುಂದಿಟ್ಟಿತು. ಎರಡನೆಯ ವೃತ್ತಿಗೆ ಬೆಂಬಲ ಕೊಡುವುದೂ ಅವುಗಳಲ್ಲಿ ಒಂದು. ನನ್ನ ಪ್ರಶ್ನೆ ಇಷ್ಟೇ: ಕಲಿಸುವುದು ನಮ್ಮ ಕೈಲಿದೆ, ಕಲಿತವರಿಗೆ ಕೆಲಸ ಕೊಡುವುದು ಅಥವಾ ಇರುವ ಕೆಲಸ ಉಳಿಸುವುದು ನಮ್ಮ ಕೈಲಿಲ್ಲ. ಹಾಗಿರುವಾಗ ಕಂಪನಿಯಿಂದ ಏನನ್ನು ಬರೆಸಿಕೊಳ್ಳಬೇಕು?

ಹಳೆಯ ಫಿಟ್ಟರ್:
ಉಪನ್ಯಾಸಕರೇ, ಇಂಥದ್ದೇ ತರಬೇತಿಯೊಂದನ್ನು ಐವತ್ನಾಲ್ಕನೆಯ ವಯಸ್ಸಿನಲ್ಲಿ ಮುಗಿಸಿದವನು ನಾನು. ಪಾಠ ಚೆನ್ನಾಗಿಯೇ ಇತ್ತು, ಕಲಿಸಿದವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಪಾಳಿ ಮುಗಿಸಿ, ಎಣ್ಣೆಗೈ ತೊಳೆದುಕೊಂಡು, ಸಂಜೆ ಆರರಿಂದ ಎಂಟೂವರೆಯವರೆಗೆ ಬೆಂಚಿನ ಮೇಲೆ ಕೂರಬೇಕಿತ್ತು. ನನ್ನ ಜೊತೆ ಸೇರಿದ ಹದಿನಾಲ್ಕು ಮಂದಿಯಲ್ಲಿ ಕೊನೆಯ ದಿನ ಉಳಿದಿದ್ದವರು ಐವರು. ಬಿಟ್ಟುಹೋದವರಿಗೆ ಕಲಿಯುವ ಆಸಕ್ತಿಯಿಲ್ಲ ಎಂದು ವರದಿಯಲ್ಲಿ ಬರೆದರಂತೆ.

ಅದಕ್ಕಿಂತ ನೋವಾದದ್ದು ಆಮೇಲೆ ನಡೆದದ್ದು. ಪ್ರಮಾಣಪತ್ರ ಹಿಡಿದು ಕಾರ್ಖಾನೆಗೆ ಹೋದಾಗ ಹೊಸದಾಗಿ ಬಂದ, ಕಂಪ್ಯೂಟರ್ ಹಿಡಿತದಲ್ಲಿ ನಡೆಯುವ ಸಿಎನ್‌ಸಿ ಯಂತ್ರಗಳಿಗೆ ಕಳುಹಿಸುವವರ ಪಟ್ಟಿ ಸೂಚನಾ ಫಲಕದಲ್ಲಿ ಅಂಟಿಸಿತ್ತು. ಅದರಲ್ಲಿ ನಲವತ್ತು ದಾಟಿದ ಒಬ್ಬರ ಹೆಸರೂ ಇರಲಿಲ್ಲ. ನಾವು ಕಲಿತದ್ದು ಆ ಯಂತ್ರವನ್ನೇ. 'ನಿಮಗೆ ಯಾಕೆ ಈ ವಯಸ್ಸಿನಲ್ಲಿ ತೊಂದರೆ' ಎಂದು ಮೇಲ್ವಿಚಾರಕರು ಬಹಳ ಗೌರವದಿಂದಲೇ ಹೇಳಿದರು. ಆ ಗೌರವದ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನೇಮಕಾತಿ ಮೇಜು:
ಫಿಟ್ಟರ್ ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾನವ ಸಂಪನ್ಮೂಲ ವಿಭಾಗದಲ್ಲಿ ಕೂತವರೆಲ್ಲ ಹಿರಿಯರ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂಬಂತೆ ಚರ್ಚೆ ಸಾಗಬಾರದು. ಒಂದು ಯಂತ್ರದ ತರಬೇತಿಗೆ ಒಬ್ಬರನ್ನು ಕಳುಹಿಸಿದಾಗ ಆ ಖರ್ಚು ಎಷ್ಟು ವರ್ಷದಲ್ಲಿ ವಾಪಸು ಬರುತ್ತದೆ ಎಂದು ನಮ್ಮನ್ನು ಕೇಳುತ್ತಾರೆ. ಹಿರಿಯರ ಸಂಬಳವೂ ಸೇವಾವಧಿಗೆ ತಕ್ಕಂತೆ ಹೆಚ್ಚಿರುತ್ತದೆ. ಈ ಲೆಕ್ಕವನ್ನು ನಾನು ಹುಟ್ಟಿಸಿದ್ದಲ್ಲ, ನನ್ನ ಮೇಜಿಗೆ ಬಂದದ್ದು. ಕಾಲೇಜು ಆ ಖರ್ಚಿನ ಒಂದು ಪಾಲನ್ನು ಹೊತ್ತರೆ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಕಂಪನಿಯ ಕಲಮು ಮೃದುವಾಗಿರುವುದೇ ಒಳ್ಳೆಯದು. ಕಟ್ಟುನಿಟ್ಟು ಮಾಡಿದರೆ ಸಹಿಯೇ ಬೀಳುವುದಿಲ್ಲ.

ಕಪ್ಪು ಕೋಟು:
'ಎಷ್ಟು ವರ್ಷ ಉಳಿಯುತ್ತಾರೆ' ಎಂಬ ಲೆಕ್ಕವನ್ನು ಇಪ್ಪತ್ತೈದರ ಯುವಕನ ವಿಷಯದಲ್ಲೂ ಇದೇ ಕಾಳಜಿಯಿಂದ ಹಾಕುತ್ತೀರಾ? ಅವನು ಎರಡು ವರ್ಷದಲ್ಲಿ ಬೇರೆ ಕಂಪನಿಗೆ ಹೋಗಬಹುದು. ಐವತ್ತೈದರವರು ನಿವೃತ್ತಿಯವರೆಗೂ ಅಲ್ಲೇ ಇರುವ ಸಾಧ್ಯತೆ ಅದಕ್ಕಿಂತ ಹೆಚ್ಚು.

ಕಾನೂನಿನ ಮಾತಿಗೆ ಬರೋಣ. ಉದ್ಯೋಗದಲ್ಲಿ ತಾರತಮ್ಯ ಕೂಡದು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1958ರ 111ನೆಯ ಒಪ್ಪಂದವು ಜನಾಂಗ, ಬಣ್ಣ, ಲಿಂಗ, ಧರ್ಮ, ರಾಜಕೀಯ ಅಭಿಪ್ರಾಯ, ರಾಷ್ಟ್ರೀಯ ಹಾಗೂ ಸಾಮಾಜಿಕ ಮೂಲ ಎಂದು ಒಂದೊಂದಾಗಿ ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಹಿರಿಯ ಕಾರ್ಮಿಕರಿಗೆಂದೇ 1980ರಲ್ಲಿ ಬಂದ 162ನೆಯದು ಬರಿಯ ಶಿಫಾರಸು, ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಅಮೆರಿಕವು 1967ರಲ್ಲೇ ನಲವತ್ತು ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ರಕ್ಷಣೆ ಕೊಡುವ ಕಾಯ್ದೆ ಮಾಡಿತು, ಆದರೆ ಖಾಸಗಿ ವಲಯದಲ್ಲಿ ಅದು ಅನ್ವಯವಾಗುವುದು ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಮಾತ್ರ. ಯುರೋಪಿಯನ್ ಒಕ್ಕೂಟದ 2000ನೆಯ ಇಸವಿಯ ನಿರ್ದೇಶನವೂ ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯೂ ವಯಸ್ಸನ್ನು ಒಳಗೊಂಡಿವೆ. ಆದರೆ ಸಕಾರಣವಿದ್ದರೆ ವಯಸ್ಸಿನ ಆಧಾರದ ಮೇಲೆ ಭೇದ ಮಾಡಬಹುದು ಎಂಬ ಕಿಂಡಿಯನ್ನೂ ಅವು ತೆರೆದಿಟ್ಟಿವೆ.

ಸಂಬಳದ ವಿಷಯದಲ್ಲಂತೂ ಕಾನೂನು ಇನ್ನೂ ದುರ್ಬಲ. 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಜನ್ ಪೇಪರ್ ಪ್ರಕರಣದಲ್ಲಿ, ಸೇವೆಯ ವರ್ಷಗಳು ಬೇರೆ, ವಯಸ್ಸು ಬೇರೆ ಎಂದು ವಿಂಗಡಿಸಿತು. ಪಿಂಚಣಿಯ ಹಕ್ಕು ಕೈಗೆ ಸಿಗುವ ಹೊತ್ತಿಗೆ ನೌಕರನನ್ನು ತೆಗೆದರೂ ಅದೊಂದೇ ವಯೋತಾರತಮ್ಯ ಎನಿಸುವುದಿಲ್ಲ ಎಂದು ಅದರ ಫಲಿತಾರ್ಥ. ನೇಮಕಾತಿ ಮೇಜಿನವರ ಲೆಕ್ಕವನ್ನು ಕೋರ್ಟಿನಲ್ಲಿ ಮುರಿಯುವುದು ಸುಲಭವಲ್ಲ. ಆ ಕಾರಣಕ್ಕಾಗಿಯೇ ಒಡಂಬಡಿಕೆಯ ಕಲಮು ಬಿಗಿಯಾಗಿರಬೇಕು. ಕಾನೂನು ಕೈಬಿಟ್ಟ ಜಾಗದಲ್ಲಿ ಹಿಡಿದು ನಿಲ್ಲಿಸಬೇಕಾದದ್ದು ಅದೊಂದೇ.

ಎರಡನೆಯ ಇನ್ನಿಂಗ್ಸ್:
ತರಬೇತಿಗೂ ಮುಂಚಿನ ಬಾಗಿಲೊಂದಿದೆ, ಅದನ್ನು ಇಲ್ಲಿ ಯಾರೂ ಮುಟ್ಟಿಲ್ಲ. ಮಕ್ಕಳನ್ನು, ಆಮೇಲೆ ಅತ್ತೆಯವರನ್ನು ನೋಡಿಕೊಂಡು ಹದಿನೇಳು ವರ್ಷದ ನಂತರ ನಾನು ಲೆಕ್ಕಪತ್ರದ ಕೆಲಸಕ್ಕೆ ಮರಳಲು ಅರ್ಜಿ ಹಾಕುತ್ತಿದ್ದೆ. ಒಂದು ಕಂಪನಿಯ ಆನ್‌ಲೈನ್ ಅರ್ಜಿಯಲ್ಲಿ ಪದವಿ ಮುಗಿಸಿದ ವರ್ಷವನ್ನು ಪಟ್ಟಿಯಿಂದ ಆರಿಸಬೇಕಿತ್ತು. ಪಟ್ಟಿಯನ್ನು ಕೆಳಗೆ ಎಳೆಯುತ್ತ ಹೋದೆ, ಅದು 1995ಕ್ಕೆ ನಿಂತುಬಿಟ್ಟಿತು. ನಾನು ಪದವಿ ಮುಗಿಸಿದ್ದು 1989ರಲ್ಲಿ. ವರ್ಷ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ನನ್ನನ್ನು ಬೇಡವೆಂದವರು ಯಾರು ಎಂದು ಕೇಳಿದರೆ ಯಾರೂ ಅಲ್ಲ ಎನ್ನಬೇಕು, ಏಕೆಂದರೆ ನನ್ನ ಅರ್ಜಿ ಮನುಷ್ಯರ ಕಣ್ಣಿಗೇ ಬೀಳಲಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ನ್ಯೂಮಾರ್ಕ್ ಮತ್ತು ಸಹ ಸಂಶೋಧಕರು ನಲವತ್ತು ಸಾವಿರಕ್ಕೂ ಹೆಚ್ಚು ಕಲ್ಪಿತ ಅರ್ಜಿಗಳನ್ನು ನಿಜವಾದ ಹುದ್ದೆಗಳಿಗೆ ಕಳುಹಿಸಿ ಪರೀಕ್ಷಿಸಿದ್ದು 2019ರಲ್ಲಿ ಪ್ರಕಟವಾಯಿತು. ವಯಸ್ಸಾದ ಗಂಡಸರಿಗಿಂತ ವಯಸ್ಸಾದ ಹೆಂಗಸರ ವಿರುದ್ಧ ಸಿಕ್ಕಿದ ಪುರಾವೆಯೇ ಅದರಲ್ಲಿ ಹೆಚ್ಚು ಗಟ್ಟಿ. ಆದ್ದರಿಂದ ಕರಡಿನಲ್ಲಿ 'ಹಿರಿಯ ನೌಕರರು' ಎಂದು ಒಂದೇ ರಾಶಿಯಲ್ಲಿ ಎಲ್ಲರನ್ನೂ ಸುರಿಯಬೇಡಿ. ಹುಟ್ಟಿದ ವರ್ಷ, ಪದವಿಯ ವರ್ಷ ಎರಡನ್ನೂ ಅರ್ಜಿಯ ಮೊದಲ ಹಂತದಿಂದ ತೆಗೆದುಹಾಕುವುದು ಕಂಪನಿಯ ಮೊದಲ ಕಲಮಾಗಲಿ. ಅದಕ್ಕೆ ಖರ್ಚೇನೂ ಇಲ್ಲ, ಹಾಗಾಗಿ ನೇಮಕಾತಿ ಮೇಜಿನವರಿಗೆ ಲೆಕ್ಕದ ನೆಪವೂ ಇಲ್ಲ.

ನೇಮಕಾತಿ ಮೇಜು:
ಮೇಡಂ ಅವರ ಸಲಹೆಯನ್ನು ಒಪ್ಪುತ್ತೇನೆ. ಇದನ್ನು ಓದಿದ ಮೇಲೆ ನಮ್ಮದೇ ಅರ್ಜಿ ನಮೂನೆಯನ್ನು ತೆರೆದು ನೋಡಿದೆ. ನಮ್ಮ ಪಟ್ಟಿ 1990ಕ್ಕೆ ನಿಲ್ಲುತ್ತದೆ. ಅದನ್ನು ಹಾಗೆ ಮಾಡಿದವರು ಯಾರೆಂದು ಇಲಾಖೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಹೊಸ ಇಂಜಿನಿಯರ್:
ನನ್ನ ಮಾತು ಇಲ್ಲಿ ಕೆಲವರಿಗೆ ಹಿಡಿಸದಿರಬಹುದು. ನನಗೆ ಇಪ್ಪತ್ತೇಳು. ನಮ್ಮ ವಿಭಾಗದಲ್ಲಿ ಮೇಲಿನ ಹುದ್ದೆಗಳಲ್ಲಿರುವವರು ಹತ್ತು ವರ್ಷದಿಂದ ಕದಲಿಲ್ಲ. ಹಿರಿಯರನ್ನು ಇನ್ನಷ್ಟು ವರ್ಷ ಉಳಿಸಿಕೊಳ್ಳುವ ಯೋಜನೆ ಎಂದಾಗ ನನ್ನ ವಯಸ್ಸಿನವರಿಗೆ ಮೊದಲು ಕಾಣುವುದು ತಮ್ಮ ಮುಂದೆ ಇರುವ ಉದ್ದನೆಯ ಸಾಲು. ಸಮಾನತೆ ಎಂದ ಮೇಲೆ ನಮಗೂ ಅದರಲ್ಲಿ ಪಾಲಿರಬೇಕಲ್ಲವೇ?

ಇನ್ನೊಂದು ಮಾತು. ಎಲ್ಲರೂ ಹಿರಿಯರಿಗೆ ಏನು ಕಲಿಸಬೇಕು ಎಂದೇ ಯೋಚಿಸುತ್ತಿದ್ದಾರೆ. ಬಿಎಂಡಬ್ಲ್ಯೂ ಕಂಪನಿಯು ಜರ್ಮನಿಯ ಡಿಂಗೋಲ್ಫಿಂಗ್ ಕಾರ್ಖಾನೆಯಲ್ಲಿ 2007ರಲ್ಲಿ ಬೇರೆಯದೇ ದಾರಿ ಹಿಡಿಯಿತು. ಹತ್ತು ವರ್ಷದ ನಂತರ ಕಾರ್ಖಾನೆಯ ಸರಾಸರಿ ವಯಸ್ಸು ಎಷ್ಟಾಗಬಹುದೋ ಅಷ್ಟು ಸರಾಸರಿ ಬರುವಂತೆ 42 ಜನರ ಒಂದು ಜೋಡಣಾ ಸಾಲನ್ನು ಕಟ್ಟಿ, ಏನು ಬದಲಾಗಬೇಕೆಂದು ಆ ಕೆಲಸಗಾರರನ್ನೇ ಕೇಳಿತು. ಮರದ ನೆಲಹಾಸು, ಕ್ಷೌರದಂಗಡಿಯಲ್ಲಿರುವಂಥ ಕುರ್ಚಿ, ಸಣ್ಣ ಬಿಡಿಭಾಗ ನೋಡಲು ಭೂತಗನ್ನಡಿ, ಪಾಳಿಯ ನಡುವೆ ಕೆಲಸದ ಅದಲುಬದಲು ಹೀಗೆ ಎಪ್ಪತ್ತು ಚಿಕ್ಕಪುಟ್ಟ ಬದಲಾವಣೆಗಳಾದವು. ಒಂದು ವರ್ಷದಲ್ಲಿ ಉತ್ಪಾದಕತೆ ಶೇಕಡ 7ರಷ್ಟು ಏರಿತು. ಬಂಡವಾಳ ಮತ್ತು ಕೂಲಿ ಸೇರಿ ತಗುಲಿದ ವೆಚ್ಚ ಸುಮಾರು 40,000 ಯೂರೋ, ಅಷ್ಟು ದೊಡ್ಡ ಕಂಪನಿಗೆ ಲೆಕ್ಕಕ್ಕೆ ಬಾರದ ಮೊತ್ತ. ಆ ಕುರ್ಚಿ ಇಪ್ಪತ್ತೇಳರವನ ಸೊಂಟಕ್ಕೂ ಹಿತವೇ. ಹೀಗಿರುವಾಗ ಮನುಷ್ಯರನ್ನು ತಿದ್ದುವುದಕ್ಕಿಂತ ಜಾಗವನ್ನು ತಿದ್ದುವುದು ಮೇಲಲ್ಲವೇ, ಅದರಲ್ಲಿ ಕಾಲೇಜಿಗೆ ಏನು ಕೆಲಸ?

ಕಪ್ಪು ಕೋಟು:
ಹಿರಿಯರು ಉಳಿದರೆ ಕಿರಿಯರಿಗೆ ಕೆಲಸವಿಲ್ಲ ಎಂಬುದು ಇಡೀ ದೇಶದ ಮಟ್ಟದಲ್ಲಿ ನಿಲ್ಲದ ವಾದ. ಒಟ್ಟು ಕೆಲಸಗಳ ಸಂಖ್ಯೆ ಹಂಚಿ ಮುಗಿಸುವ ಗಂಟಲ್ಲ, ದುಡಿಯುವವರು ಖರ್ಚೂ ಮಾಡುತ್ತಾರೆ, ಅದರಿಂದ ಬೇರೆ ಕೆಲಸಗಳು ಹುಟ್ಟುತ್ತವೆ. ಆದರೆ ಒಂದು ವಿಭಾಗದೊಳಗೆ ಮೇಲಿನ ಕುರ್ಚಿಗಳು ಇಂತಿಷ್ಟೇ ಇರುವುದು ನಿಜ, ಅಲ್ಲಿ ನಿಮ್ಮ ದೂರು ನ್ಯಾಯವಾದದ್ದು. 2004ರ ಕ್ಲೈನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹಿರಿಯರಿಗೆ ಹೆಚ್ಚು ಸವಲತ್ತು ಸಿಕ್ಕಿತೆಂದು ಅವರಿಗಿಂತ ಕಿರಿಯರು 1967ರ ಆ ಕಾಯ್ದೆಯಡಿ ದೂರುವಂತಿಲ್ಲ ಎಂದಿತು. ಅಂದರೆ ಇದಕ್ಕೂ ಕಾನೂನಿನಲ್ಲಿ ಉತ್ತರ ಹುಡುಕುವುದು ವ್ಯರ್ಥ. ಬಡ್ತಿಯನ್ನು ಸೇವಾ ಹಿರಿತನದಿಂದ ಬಿಡಿಸಿ, ಪರಿಣತಿಗೆ ಬೇರೆ ದರ್ಜೆ, ಆಡಳಿತಕ್ಕೆ ಬೇರೆ ದರ್ಜೆ ಎಂದು ಮಾಡಿದರೆ ಸಾಲು ಸರಿಯಬಹುದು.

ಸಂಜೆ ತರಗತಿ:
ಕಾಲೇಜಿಗೆ ಏನು ಕೆಲಸ ಎಂಬ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ನಮ್ಮ ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದವರು ಪ್ರತಿವರ್ಷ ಪ್ರಾಜೆಕ್ಟ್ ಮಾಡಲೇಬೇಕು, ಅವುಗಳಲ್ಲಿ ಬಹುಪಾಲು ಮಾದರಿಗಳು ಮೌಲ್ಯಮಾಪನ ಮುಗಿದ ಮೇಲೆ ಕಪಾಟಿನ ಮೇಲೆ ಧೂಳು ತಿನ್ನುತ್ತವೆ. ಆ ವಿದ್ಯಾರ್ಥಿಗಳು ಕಾರ್ಖಾನೆಗೆ ಹೋಗಿ, ಹಿರಿಯ ಕೆಲಸಗಾರರ ಪಕ್ಕದಲ್ಲಿ ನಿಂತು, ಮೇಜಿನ ಎತ್ತರ, ಬೆಳಕು, ಒಂದು ಪಾಳಿಯಲ್ಲಿ ಎಷ್ಟು ಸಲ ಬಗ್ಗುತ್ತಾರೆ, ಎಷ್ಟು ತೂಕ ಎತ್ತುತ್ತಾರೆ ಎಂದು ಅಳೆದರೆ ಅದೇ ಪ್ರಾಜೆಕ್ಟ್ ಆಗುತ್ತದೆ. ಆಗ ಕಾಲೇಜಿನ ಕೆಲಸ ತರಗತಿಯಲ್ಲಿ ಮುಗಿಯದೆ ಯಂತ್ರದ ಬಳಿಗೂ ಬರುತ್ತದೆ. ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದೂ ಅಲ್ಲಿ ತಿರುವುಮುರುವಾಗುತ್ತದೆ.

ಹಳೆಯ ಫಿಟ್ಟರ್:
ಅದು ಒಪ್ಪತಕ್ಕ ಮಾತು. ಬೇರಿಂಗ್ ಹೋಗುವ ಮುಂಚೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಕೆಗೆ ಕಿವಿಯಿಟ್ಟು ಕೇಳುತ್ತೇವೆ. ಒಳ್ಳೆಯ ಬೇರಿಂಗಿನದು ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಕೆಡುತ್ತಿರುವುದರಲ್ಲಿ ಅದರ ನಡುವೆ ಮರಳು ಜಗಿದಂಥ ಸದ್ದು ಬಂದು ಹೋಗುತ್ತದೆ. ಈಗ ಕಂಪನ ಅಳೆಯುವ ಉಪಕರಣ ಬಂದಿದೆ, ಬೇಡವೆನ್ನುವುದಿಲ್ಲ. ಆದರೆ ಅದರ ಅಂಕಿಯನ್ನೂ ನಮ್ಮ ಕಿವಿಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ನನ್ನ ಇಡೀ ಸೇವೆಯಲ್ಲಿ ಯಾರೂ ಮಾಡಿಸಲಿಲ್ಲ. ಹೊಸ ಇಂಜಿನಿಯರ್ ಅವರಂಥವರು ಬಂದು ಕೂತರೆ ನಾನು ಹೇಳಿಕೊಡುತ್ತೇನೆ, ಉಪಕರಣವನ್ನು ಅವರು ನನಗೆ ಹೇಳಿಕೊಡಲಿ. ಆದರೆ ಮತ್ತೆ ಸಂಜೆ ಆರು ಗಂಟೆಗೆ ಎನ್ನಬೇಡಿ.

ಕಪ್ಪು ಕೋಟು:
ಸಮಯದ ಮಾತಿಗೆ ಆಧಾರವಿದೆ. ಸಂಬಳ ಸಹಿತ ಶಿಕ್ಷಣ ರಜೆಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 140ನೆಯ ಒಪ್ಪಂದ 1974ರಿಂದ ಇದೆ. ಅದು ಹೇಳುವ ರಜೆಯು ಕೆಲಸದ ಅವಧಿಯಲ್ಲಿ, ಸೂಕ್ತ ಹಣಕಾಸಿನ ಹಕ್ಕಿನೊಂದಿಗೆ ಸಿಗಬೇಕಾದದ್ದು. ಕರಡಿನಲ್ಲಿ ಆ ಮಾತನ್ನೇ ಎತ್ತಿಕೊಳ್ಳಿ.

ಸಂಜೆ ತರಗತಿ:
ಹಾಗಾದರೆ ಕಂಪನಿಯ ಭಾಗವನ್ನು ಹೀಗೆ ತಿದ್ದಿದ್ದೇನೆ: ತರಬೇತಿಯ ಗಂಟೆಗಳು ಪಾಳಿಯ ಗಂಟೆಗಳೆಂದೇ ಲೆಕ್ಕವಾಗುತ್ತವೆ. ಅರ್ಜಿಯ ಮೊದಲ ಹಂತದಲ್ಲಿ ವರ್ಷ ಕೇಳುವಂತಿಲ್ಲ. ಯಾವ ಯಂತ್ರದ ತರಬೇತಿ ಪಡೆದರೋ ಆ ಯಂತ್ರದ ಮೇಲೆ ಆರು ತಿಂಗಳೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ತರಬೇತಿಗೆ ಯಾರನ್ನೆಲ್ಲ ಕಳುಹಿಸಿದರು ಎಂಬ ಅಂಕಿಸಂಖ್ಯೆಯನ್ನು ವಯಸ್ಸು ಮತ್ತು ಲಿಂಗದ ಪ್ರಕಾರ ವರ್ಷಕ್ಕೊಮ್ಮೆ ಕಾಲೇಜಿಗೆ ಒಪ್ಪಿಸಬೇಕು.

ನೇಮಕಾತಿ ಮೇಜು:
ಮೊದಲ ಎರಡಕ್ಕೆ ನಮ್ಮವರನ್ನು ಒಪ್ಪಿಸಬಲ್ಲೆ ಎಂಬ ಧೈರ್ಯವಿದೆ. ಮೂರನೆಯದಕ್ಕೆ 'ಯಂತ್ರ ಲಭ್ಯವಿದ್ದಲ್ಲಿ' ಎಂದು ಸೇರಿಸುವಂತೆ ಕೇಳುತ್ತಾರೆ, ಆ ಎರಡು ಪದಗಳಿಗೆ ನೀವು ಬಗ್ಗಬೇಡಿ ಎಂದು ನಾನೇ ಹೇಳುತ್ತಿದ್ದೇನೆ. ನಾಲ್ಕನೆಯದು ಕಷ್ಟ. ಅಂಕಿಸಂಖ್ಯೆ ಹೊರಗೆ ಹೋಗುತ್ತದೆ ಎಂದ ಕೂಡಲೇ ಕಾನೂನು ವಿಭಾಗ ಅಡ್ಡ ಬರುತ್ತದೆ. ಹೆಸರುಗಳಿಲ್ಲದೆ ಬರಿಯ ಮೊತ್ತವಾದರೆ ಪ್ರಯತ್ನಿಸಬಹುದು.

ಎರಡನೆಯ ಇನ್ನಿಂಗ್ಸ್:
ಹೆಸರು ಯಾರಿಗೂ ಬೇಡ. ಅರ್ಜಿ ಹಾಕಿದವರೆಷ್ಟು, ಸಂದರ್ಶನಕ್ಕೆ ಕರೆ ಬಂದವರೆಷ್ಟು ಎಂಬ ಎರಡು ಸಾಲನ್ನೂ ಅದರಲ್ಲೇ ಸೇರಿಸಿ. ಬಾಗಿಲಿನಲ್ಲಿ ಉಳಿದವರ ಲೆಕ್ಕ ಇಲ್ಲದಿದ್ದರೆ ಒಳಗಿನವರ ಲೆಕ್ಕ ಅರ್ಧವೇ.

ಹಳೆಯ ಫಿಟ್ಟರ್:
ಒಂದು ಉಳಿಯಿತು. ನಮ್ಮಲ್ಲಿ ಐವತ್ತು ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗುತ್ತಿಗೆಯವರು. ಅವರ ಹಾಜರಿ ಪುಸ್ತಕ ಇರುವುದು ಗುತ್ತಿಗೆದಾರನ ಬಳಿ, ಕಂಪನಿಯ ಬಳಿ ಅಲ್ಲ. ಈ ನಾಲ್ಕೂ ಕಲಮುಗಳು ಅವರಿಗೆ ಅನ್ವಯವಾಗುತ್ತವೆಯೇ?

ಸಂಜೆ ತರಗತಿ:
ಈಗಿರುವ ಕರಡಿನ ಪ್ರಕಾರ ಇಲ್ಲ. ಗುತ್ತಿಗೆದಾರರನ್ನೂ ಸಹಿದಾರರನ್ನಾಗಿ ಮಾಡದೆ ಮುಂದುವರಿಯಬಾರದು ಎಂದು ಪ್ರಾಂಶುಪಾಲರಿಗೆ ಟಿಪ್ಪಣಿ ಬರೆದು, ಸೋಮವಾರದ ಸಭೆಗೆ ಒಯ್ಯಬೇಕಿದ್ದ ಪ್ರತಿಯನ್ನು ತಡೆಹಿಡಿದಿದ್ದೇನೆ.